ಮಾವನವರ ಅಟ್ಟದ ಕಾಯಿ ಮತ್ತು ನನ್ನ ಎಪ್ಪತ್ತೆರಡನೇ ಪುಟ

ಪುಸ್ತಕ ಬರೆಯುವುದರಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂಬ ನಂಬಿಕೆಯಲ್ಲಿ ನಾನು ಮೂವತ್ತು ವರ್ಷ ಬರೆದೆ. ಓದುವವರೇ ಇಲ್ಲದಿದ್ದರೆ ಕೆಡುಕು ಎಲ್ಲಿಂದ ಬರಬೇಕು?

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಪ್ರಾಧ್ಯಾಪಕ. ಬೆಳಿಗ್ಗೆ ಮಕ್ಕಳಿಗೆ ಆಮ್ಲ, ಕ್ಷಾರ ಹೇಳುತ್ತೇನೆ. ಸಂಜೆ ಕನ್ನಡ ನಾಡಿಗೆ ಜನಪ್ರಿಯ ವಿಜ್ಞಾನ ಬರೆಯುತ್ತೇನೆ. 'ಜನಪ್ರಿಯ' ಎನ್ನುವುದು ಪ್ರಕಾಶಕರು ಮುಖಪುಟದ ಮೇಲೆ ಹಾಕಿದ ಪದ. ಹಾಕುವಾಗ ಅವರು ಜನರನ್ನು ಕೇಳಿರಲಿಲ್ಲ. ಸೋಪಿನ ಮೇಲೆ ಒಂದು, ಉಪ್ಪಿನ ಮೇಲೆ ಒಂದು, ತುಕ್ಕಿನ ಮೇಲೆ ಎರಡು, ಹೀಗೆ ಒಟ್ಟು ಹದಿನೇಳು ಪುಸ್ತಕಗಳು ನನ್ನ ಹೆಸರಿನಲ್ಲಿವೆ. ತುಕ್ಕಿನ ಎರಡನೇ ಭಾಗವನ್ನು ಯಾರು ಕೇಳಿದ್ದರು ಎಂದು ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಕೇಳುತ್ತಾಳೆ.

ನನ್ನ ಪುಸ್ತಕಗಳ ತುಂಬ ಪ್ರಯೋಗಗಳು. 'ಒಂದು ಲೋಟ ತೆಗೆದುಕೊಳ್ಳಿ', 'ಒಂದು ಚಮಚ ಬೆರೆಸಿ', 'ಈಗ ಗಮನಿಸಿ' ಎಂದು ಪುಟಪುಟಕ್ಕೂ ಅಪ್ಪಣೆ ಕೊಡಿಸಿದ್ದೇನೆ. ನಾನು ಮಾತ್ರ ಲೋಟವನ್ನೂ ತೆಗೆದುಕೊಂಡಿಲ್ಲ, ಚಮಚವನ್ನೂ ಬೆರೆಸಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ಮುಟ್ಟಲು ಅಟೆಂಡರ್ ಬಸವರಾಜು ನನ್ನನ್ನು ಬಿಡುವುದಿಲ್ಲ. "ನೀವು ಬೋರ್ಡಿನ ಮೇಲೆ ಹೇಳಿ ಸಾರ್, ಮಿಕ್ಕಿದ್ದು ನಾನ್ ನೋಡ್ಕೊತೀನಿ" ಎನ್ನುತ್ತಾನೆ. ಮನೆಯಲ್ಲಿ ಗಿರಿಜಾಳೂ ಅಡುಗೆಮನೆಯ ಹೊಸ್ತಿಲಲ್ಲೇ ನನ್ನನ್ನು ತಡೆಯುತ್ತಾಳೆ. ಹೀಗಾಗಿ ನನ್ನ ಪ್ರಯೋಗಗಳೆಲ್ಲ ಮೇಜಿನ ಮುಂದೆ, ಕಣ್ಣು ಮುಚ್ಚಿಕೊಂಡು, ತಲೆಯೊಳಗೇ ನಡೆದಂಥವು. ಅಲ್ಲಿ ಅವು ಒಮ್ಮೆಯೂ ಕೈಕೊಟ್ಟಿಲ್ಲ!

ಇಷ್ಟೆಲ್ಲ ಬರೆದರೂ ನನಗೊಂದು ಕೊರತೆ ಇತ್ತು. ನನ್ನ ಮಾವನವರು ನನ್ನದೊಂದು ಪುಸ್ತಕವನ್ನೂ ಓದಿರಲಿಲ್ಲ.

ಮಾವನವರು ಕಣಕಟ್ಟೆಯ ಪರಮೇಶ್ವರಯ್ಯ. ತೆಂಗಿನ ತೋಟದವರು, ಎಂಬತ್ತರ ಹತ್ತಿರದ ಗಟ್ಟಿ ಆಳು. ಮಗ ಲೋಕೇಶ, ಸೊಸೆ ಶೋಭಾ ಜೊತೆಗಿದ್ದಾರೆ. ಹೊಸ ಪುಸ್ತಕ ಬಂದಾಗಲೆಲ್ಲ ಮೊದಲ ಪ್ರತಿಯನ್ನು ಅವರ ಕೈಗಿಟ್ಟು ನಮಸ್ಕಾರ ಮಾಡುತ್ತೇನೆ. ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಮುಖಪುಟಕ್ಕೆ ವಿಭೂತಿ ಹಚ್ಚಿ, ದೇವರ ಮನೆಯ ಗೂಡಿನಲ್ಲಿ ಇಡುತ್ತಾರೆ. ಹಬ್ಬಕ್ಕೆ ಹೂವನ್ನೂ ಏರಿಸುತ್ತಾರೆ. ಓದುವುದೊಂದನ್ನು ಬಿಟ್ಟು ಒಂದು ಪುಸ್ತಕಕ್ಕೆ ಏನೇನು ಮರ್ಯಾದೆ ಸಲ್ಲಬೇಕೋ ಎಲ್ಲವೂ ಸಲ್ಲುತ್ತಿತ್ತು. ಅಳಿಯ ಪ್ರೊಫೆಸರೆಂದು ಊರಿಗೆಲ್ಲ ಹೇಳುವ ಹಿರಿಯರು 'ನೀವು ಬರೆದದ್ದು ಉಪಯೋಗಕ್ಕೆ ಬಂತು' ಎಂದು ಒಂದು ಸಲ ಅಂದರೆ ಸಾಕು, ಪ್ರಶಸ್ತಿ ಯಾರಿಗೆ ಬೇಕು ಎಂದುಕೊಳ್ಳುತ್ತಿದ್ದೆ. (ಪ್ರಶಸ್ತಿಯೂ ಬೇಕಿತ್ತು. ಅದು ಬೇರೆ ಮಾತು.)

ಮಾವನವರ ವಿದ್ಯೆಯೇ ಬೇರೆ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಆರಿ, ಕಾಯಿ ಒಣಗಿ, ಚಿಪ್ಪಿನಿಂದ ತಾನೇ ಬಿಡಿಸಿಕೊಂಡು ಉಂಡೆಯಾಗುತ್ತದೆ. ಅದು ಆಯಿತೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಲೊಟಲೊಟ ಎಂದರೆ ನೀರಿದೆ. ಸದ್ದಿಲ್ಲದಿದ್ದರೆ ಇನ್ನೂ ಅಂಟಿಕೊಂಡಿದೆ. ಗಡಗಡ ಎಂದರೆ ಸಿದ್ಧ. ಆಗುವ ಮುಂಚೆ ಒಡೆದರೆ ಉಂಡೆ ಬರುವುದಿಲ್ಲ, ಚೂರು ಬರುತ್ತದೆ. ಈ ಕುಲುಕುವ ಕೆಲಸದಲ್ಲಿ ಮಾವನವರ ಕಿವಿಗೆ ಹೋಬಳಿಯಲ್ಲೇ ಹೆಸರು. ಬೇರೆಯವರೂ ಅನುಮಾನದ ಕಾಯಿಗಳನ್ನು ಚೀಲದಲ್ಲಿ ತಂದು ಅವರಿಂದ ಕುಲುಕಿಸಿಕೊಂಡು ಹೋಗುತ್ತಿದ್ದರು.

ಕಳೆದ ವರ್ಷ ಮಾವನವರು ಚೆಂದದ ಕಾಯಿಗಳನ್ನು ಆರಿಸಿ ಅಟ್ಟದ ಒಂದು ಮೂಲೆಗೆ ಬೇರೆಯಾಗಿ ಹಾಕಿಸಿದ್ದರು. "ಇವು ಸಿಂಧು ಮದ್ವೆಗೆ. ತಾಂಬೂಲದ ಚೀಲಕ್ಕೆ ತಾತನ ಅಟ್ಟದ ಉಂಡೆನೇ ಬೀಳ್ಬೇಕು" ಎಂದಿದ್ದರು. ಸಿಂಧು ನನ್ನ ಮಗಳು. ಆಗ ಗಂಡೇ ಗೊತ್ತಾಗಿರಲಿಲ್ಲ. ಈ ವರ್ಷ ಬೇಲೂರಿನ ಸಂಬಂಧ ಕೂಡಿಬಂತು. ಹುಡುಗ ದನದ ಡಾಕ್ಟರು. ಮದುವೆಗೆ ಮೂರು ವಾರ ಉಳಿದಿತ್ತು, ಅಟ್ಟದ ಕಾಯಿಗೆ ವರ್ಷ ತುಂಬಲೂ ಅಷ್ಟೇ ದಿನ.

ಈಗ ನನ್ನ ಹದಿನೇಳನೇ ಪುಸ್ತಕಕ್ಕೆ ಬರುತ್ತೇನೆ. ಹೆಸರು 'ನಿಮ್ಮ ಮನೆಯೇ ಲ್ಯಾಬು'. ಅದರ ಎಪ್ಪತ್ತೆರಡನೇ ಪುಟದಲ್ಲಿ ಆರು ಸಾಲು ಖಾಲಿ ಬಿದ್ದಿತ್ತು. ಹಳಸಿದ ಮೊಟ್ಟೆ ನೀರಿನಲ್ಲಿ ತೇಲುತ್ತದೆ, ತಾಜಾ ಮೊಟ್ಟೆ ಮುಳುಗುತ್ತದೆ ಎಂದು ಮೇಲೆ ಬರೆದು ಮುಗಿಸಿದ್ದೆ. ಅದನ್ನೂ ಮಾಡಿ ನೋಡಿದವನಲ್ಲ. ನಮ್ಮದು ಮೊಟ್ಟೆ ತರುವ ಮನೆಯಲ್ಲ. ಮೊಟ್ಟೆಗೆ ಸಲ್ಲುವುದು ಕಾಯಿಗೇಕೆ ಸಲ್ಲಬಾರದು ಎಂದು ತಲೆಯೊಳಗೆ ಮಿಂಚಿತು. ಬರೆದೇಬಿಟ್ಟೆ: "ಕೊಬ್ಬರಿ ಸಿದ್ಧವಾಗಿದೆಯೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಬಳಿ ಕುಲುಕುವುದು ಹಳೆಯ, ಅವೈಜ್ಞಾನಿಕ ವಿಧಾನ. ಕಾಯಿಗಳನ್ನು ಒಂದು ತೊಟ್ಟಿ ನೀರಿಗೆ ಹಾಕಿರಿ. ಸಿದ್ಧವಾದವು ತೇಲುತ್ತವೆ, ಆಗದವು ಮುಳುಗುತ್ತವೆ. ಕಿವಿ ಬೇಡ, ಕಣ್ಣು ಸಾಕು!" ಆ ಕೊನೆಯ ವಾಕ್ಯ ನನಗೆ ಎಷ್ಟು ಹಿಡಿಸಿತೆಂದರೆ ಗಿರಿಜಾಳನ್ನು ಕೂಗಿ ಕರೆದು ಓದಿ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು. ಹೂಂಗುಟ್ಟಿದಳು.

ಪುಸ್ತಕ ಅಚ್ಚಾಗಿ, ಮೊದಲ ಪ್ರತಿ ಎಂದಿನಂತೆ ಮಾವನವರ ಗೂಡು ಸೇರಿತು. ಮದುವೆಗೆ ಮೂರು ವಾರ ಇದ್ದಾಗ ಒಂದು ದಿನ ನಾನು ಹಳೇಬೀಡಿನ ಒಂದು ಹೈಸ್ಕೂಲಿನಲ್ಲಿ ಅತಿಥಿಯಾಗಿದ್ದೆ. ತಲೆಗೆ ಮೈಸೂರು ಪೇಟ, ಕೊರಳಿಗೆ ಮೊಣಕಾಲು ಮುಟ್ಟುವ ಹಾರ, ಹೆಗಲಿಗೆ ಶಾಲು. ಮೊದಲಿಗೆ ಒಬ್ಬ ವಿದ್ಯಾರ್ಥಿನಿ ನನ್ನ ಹಳೆಯ ಪುಸ್ತಕ 'ಕಡಲು ದಾಟಿದ ಬೀಜಗಳು' ಎಂಬುದರಿಂದ ಒಂದು ಪುಟ ಓದಿದಳು. ಆಮೇಲೆ ನಾನು ಎದ್ದು, ಮಾಡಿ ನೋಡದೆ ಏನನ್ನೂ ನಂಬಬಾರದು, ಪುರಾವೆ ಕೇಳಬೇಕು ಎಂದು ಮುಕ್ಕಾಲು ಗಂಟೆ ಗುಡುಗಿದೆ. ನಡುವೆ ಜೇಬಿನಲ್ಲಿ ಫೋನು ನಡುಗಿತು. ಗಿರಿಜಾ! ಮೈಕಿನಿಂದ ಎರಡು ಹೆಜ್ಜೆ ಸರಿದು ಎತ್ತಿದೆ.

"ರೀ, ಒಂದು ಆಶ್ಚರ್ಯ ಕೇಳಿ. ಅಪ್ಪ ನಿಮ್ಮ ಪುಸ್ತಕ ಓದ್ತಾ ಇದ್ದಾರಂತೆ!"

"ಯಾರಪ್ಪ?"

"ನಮ್ಮಪ್ಪ ಕಣ್ರೀ! ಲೋಕೇಶ, ಶೋಭಾ ಬೇಲೂರಿನ ಬೀಗರನ್ನ ಕರ್ಕೊಂಡು ಬರೋಕೆ ಹೋಗಿದ್ದಾರೆ, ತೋಟ ತೋರಿಸ್ಬೇಕಂತೆ. ಬೆಳಿಗ್ಗೆ ಹೊರಡುವಾಗ ಶೋಭಾ ನೋಡಿದಳಂತೆ. ಅಪ್ಪ ಕನ್ನಡಕ ಹಾಕ್ಕೊಂಡು ಅದೇ ಲ್ಯಾಬು ಪುಸ್ತಕ ಹಿಡ್ಕೊಂಡು, ಆಳುಗಳ ಕೈಲಿ ತೊಟ್ಟಿ ತುಂಬಿಸ್ತಾ ಇದ್ರಂತೆ. ಅಟ್ಟಕ್ಕೂ ಏಣಿ ಹಾಕಿಸಿದ್ರಂತೆ."

ಮೂವತ್ತು ವರ್ಷದ ತಪಸ್ಸು! ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿ ಇಲ್ಲ. ಮೈಕಿಗೆ ಹಿಂತಿರುಗಿ, "ಮಕ್ಕಳೇ, ಎಂಬತ್ತರ ಅಂಚಿನಲ್ಲಿರುವ ನನ್ನ ಮಾವನವರು ಇದೇ ಹೊತ್ತಿನಲ್ಲಿ ನನ್ನ ಪುಸ್ತಕ ನೋಡಿಕೊಂಡು ಒಂದು ಪ್ರಯೋಗ ಮಾಡುತ್ತಿದ್ದಾರೆ" ಎಂದು ಸಾರಿ, ಎಪ್ಪತ್ತೆರಡನೇ ಪುಟವನ್ನು ಬಾಯಿಪಾಠ ಒಪ್ಪಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಜಂಬದಿಂದ ಬಂದು ಕುಳಿತೆ.

ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ಮೆಲ್ಲಗೆ ನನ್ನ ಕಡೆ ಬಾಗಿದರು. ಅವರಿಗೂ ಒಂದಿಷ್ಟು ತೋಟವಿತ್ತು.

"ಸಾರ್, ಕಾಯಿ ಸಿಪ್ಪೆ ಸಮೇತ ನೀರಿಗೆ ಹಾಕೋದಾ?"

"ಹೌದು. ಅಟ್ಟದಲ್ಲಿ ಇರುವುದೇ ಹಾಗಲ್ಲವೇ?"

"ಅಲ್ಲಾ ಸಾರ್, ತಪ್ಪು ತಿಳ್ಕೋಬೇಡಿ. ಸಿಪ್ಪೆ ಇರೋ ಕಾಯಿ ಮುಳುಗುತ್ತಾ?"

ನಾನು ಕೊರಳಿನ ಹಾರ ಸರಿಮಾಡಿಕೊಂಡೆ.

"ಈಗ ತಾನೇ ನಮ್ಮ ಹುಡುಗಿ ಓದಿದಳಲ್ಲ ಸಾರ್, ನಿಮ್ಮದೇ ಪುಸ್ತಕ. ಸಿಪ್ಪೆಯ ಬಲದಿಂದ ತೆಂಗಿನಕಾಯಿ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತೆ ಅಂತ." ಇನ್ನೂ ಮೆಲ್ಲಗೆ ಸೇರಿಸಿದರು. "ಮತ್ತೆ, ಒಣಗಿಸಿರೋ ಕಾಯಿಗೆ ನೀರು ಬಿದ್ರೆ ಕಣ್ಣಿನ ಕಡೆಯಿಂದ ಇಳಿದು ಬೂಷ್ಟು ಹಿಡಿದುಬಿಡುತ್ತೆ ಸಾರ್. ನಾವು ಅಟ್ಟದ ಮೇಲೆ ಹೆಂಚು ಸೋರಿದ್ರೂ ಎದ್ದು ಕೂತ್ಕೊತೀವಿ."

ಒಬ್ಬನೇ ಲೇಖಕನ ಎರಡು ಪುಸ್ತಕಗಳು ಹೀಗೆ ಒಂದೇ ವೇದಿಕೆಯ ಮೇಲೆ ಕುಸ್ತಿಗೆ ಬಿದ್ದದ್ದು ನಾನು ಕಂಡಿರಲಿಲ್ಲ. ವಂದನಾರ್ಪಣೆಗೂ ಕಾಯದೆ ಎದ್ದೆ. ಮಾವನವರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಎತ್ತಲಿಲ್ಲ. ಲೋಕೇಶನಿಗೆ ಮಾಡಲು ಧೈರ್ಯವಾಗಲಿಲ್ಲ. ಬೀಗರ ಪಕ್ಕದಲ್ಲಿ ಕೂತವನಿಗೆ ಏನೆಂದು ಹೇಳುವುದು? ಹೆಡ್‌ಮಾಸ್ಟರು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಅರಸೀಕೆರೆಯ ಬಸ್ಸು ಆಗಲೇ ಹೊರಟಿತ್ತು. ಓಡಿ ಹತ್ತಿದೆ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದಾರಲ್ಲ, ಓದುಗರಿರಬೇಕು ಎಂದುಕೊಂಡೆ. ಬಹಳ ಹೊತ್ತಿನ ಮೇಲೆ, ತಲೆಯ ಮೇಲೆ ಪೇಟ, ಕೊರಳಲ್ಲಿ ಹಾರ ಇನ್ನೂ ಇರುವುದು ನೆನಪಾಯಿತು.

"ಮೂರ್ತಕ್ಕೆ ತಡ ಆಯ್ತಾ ಸಾರ್?" ಎಂದ ಕಂಡಕ್ಟರ್ ಟಿಕೆಟು ಹರಿಯುತ್ತಾ. "ಎರಡನೇದಾ?"

ಹಾರ ತೆಗೆಯೋಣವೆಂದರೆ ಅದರ ದಾರ ಶಾಲಿನ ಜರಿಗೆ ಸಿಕ್ಕಿಕೊಂಡಿತ್ತು, ಪೇಟ ತೆಗೆದರೆ ಇಡಲು ಜಾಗವಿರಲಿಲ್ಲ. ಅರಸೀಕೆರೆಯಲ್ಲಿ ಇಳಿದು, ಕಣಕಟ್ಟೆಯ ಬಸ್ಸು ಹಿಡಿದು, ಮಾವನವರ ತೋಟ ಮುಟ್ಟುವ ಹೊತ್ತಿಗೆ ಮೂರು ಗಂಟೆ.

ತೋಟಕ್ಕೆ ನೀರು ಬಿಡುವ ದೊಡ್ಡ ಸಿಮೆಂಟು ತೊಟ್ಟಿ. ಎದೆಮಟ್ಟ ನೀರು. ನೀರು ಕಾಣುತ್ತಿರಲಿಲ್ಲ, ಕಾಯಿ ಕಾಣುತ್ತಿತ್ತು. ಆಳುಗಳು ಊಟಕ್ಕೆ ಹೋಗಿದ್ದರು. ತೊಟ್ಟಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾವನವರು ಕುಳಿತಿದ್ದರು. ತೊಡೆಯ ಮೇಲೆ ಪುಸ್ತಕ, ಕೈಯಲ್ಲೊಂದು ಬಿದಿರಿನ ಗಳ. ಆಗಾಗ ಒಂದು ಕಾಯಿಯನ್ನು ಗಳದಿಂದ ಒತ್ತಿ ಮುಳುಗಿಸುವರು, ಅದು ಪುಳಕ್ಕನೆ ಮೇಲೆದ್ದರೆ ತಲೆದೂಗುವರು.

"ಮಾವ!" ಎಂದೆ. ತಿರುಗಲಿಲ್ಲ. "ಮಾವಾ!" ಇನ್ನೊಮ್ಮೆ ಕೂಗಿದೆ. ಇಲ್ಲ. ಎದುರಿಗೆ ಹೋಗಿ ನಿಂತಾಗ ಮುಖ ಅರಳಿತು.

"ಬನ್ನಿ ಅಳಿಯಂದ್ರೇ, ಬನ್ನಿ! ನಿಮ್ ಪುಸ್ತಕ ಭಾರೀ ಐತೆ. ಬೆಳಗ್ಗಿಂದ ನೋಡ್ತಾ ಇವ್ನಿ, ಒಂದೇ ಒಂದು ಕಾಯೂ ಮುಳುಗ್ಲಿಲ್ಲ. ಎಲ್ಲಾ ತಯಾರಾಗವೆ!"

ಆ ಸಂತೋಷವನ್ನು ನೋಡಿ ನನಗೆ ನಿಜವಾಗಿ ಅಳು ಬಂತು. ಹತ್ತಿರ ಕುಳಿತು, ಗಟ್ಟಿಯಾಗಿ, ಇದ್ದದ್ದನ್ನು ಹೇಳಿದೆ. ಸಿಪ್ಪೆಯ ಕಾಯಿ ಒಣಗಿದ್ದರೂ ತೇಲುತ್ತದೆ, ಒಣಗದಿದ್ದರೂ ತೇಲುತ್ತದೆ, ನಾನು ಮಾಡಿ ನೋಡದೆ ಬರೆದೆ ಎಂದೆ. ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ನೀರು ಬೀಳ್ಬಾರ್ದು ಅಂತ ನಂಗೊತ್ತಿಲ್ವಾ ಅಳಿಯಂದ್ರೇ? ಒಂದು ಗಳಿಗೆ ಹಾಕಿ ತೆಗೆದ್ರೆ ಏನಾಗಾಕಿಲ್ಲ ಅಂದ್ಕಂಡೆ. ಒಂದಾದ್ರೂ ಮುಳುಗ್ಲಿ ಅಂತ ಕಾಯ್ತಾ ಕಾಯ್ತಾ ಹೊತ್ತು ಹೋಯ್ತು. ನೀವು ಓದಿರೋರು, ಬರ್ದವ್ರೆ ಅಂದ್ರೆ ಇರ್ತೈತೆ ಅಂದ್ಕಂಡೆ."

"ನಿಮಗ್ಯಾಕೆ ಮಾವ ಪುಸ್ತಕ? ಹೋಬಳಿಗೆಲ್ಲ ಕುಲುಕಿ ಹೇಳೋರು ನೀವು."

ಅವರು ಆಚೀಚೆ ನೋಡಿದರು. "ಕೇಳಾಕಿಲ್ಲ ಅಳಿಯಂದ್ರೇ. ಈ ವರ್ಷ ಯಾವ ಕಾಯಿ ಕುಲುಕುದ್ರೂ ಸದ್ದೇ ಇಲ್ಲ. ಏನಪ್ಪಾ ಇದು, ಒಂದೂ ಒಣಗಿಲ್ವಲ್ಲ ಅಂತ ದಿನಾ ಕುಲುಕ್ದೆ. ಆಮೇಲೆ ಗೊತ್ತಾಯ್ತು, ಸುಮ್ನಾಗಿರೋದು ಕಾಯಲ್ಲ, ನನ್ ಕಿವಿ. ಲೋಕೇಶಂಗೆ ಹೇಳ್ಬೇಡಿ. ವಯಸ್ಸಾಯ್ತು, ಏಣಿ ಹತ್ಬೇಡ ಅಂತ ಆಗ್ಲೇ ಕಾಟ ಕೊಡ್ತಾ ಅವ್ನೆ. ಇದು ತಿಳುದ್ರೆ ಅಟ್ಟದ ಕಡೆ ತಿರುಗೋಕೂ ಬಿಡಾಕಿಲ್ಲ. ಅದೂ ಇಲ್ದಿದ್ರೆ ನಾನು ಮನೇಲಿ ಏನ್ ಮಾಡ್ಲಿ?"

ಕಿವಿ ಬೇಡ, ಕಣ್ಣು ಸಾಕು ಎಂದು ಬರೆದವನು ನಾನು. ಒಬ್ಬ ಮನುಷ್ಯ ಅದನ್ನು ಎಷ್ಟು ಆಸೆಯಿಂದ ಓದಿರಬಹುದು ಎಂದು ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೊದಲು ಕಾಯಿ ಎತ್ತೋಣ ಎಂದು ತೊಟ್ಟಿಯ ಕಟ್ಟೆ ಹತ್ತಿದೆ. ಇಲ್ಲಿಯೂ ನಾನು ಮನಸ್ಸಿನಲ್ಲೇ ಒಂದು ಯೋಜನೆ ಹಾಕಿದ್ದೆ. ಎಡಗೈಯಲ್ಲಿ ಕಟ್ಟೆ, ಬಲಗೈಯಲ್ಲಿ ಕಾಯಿ, ನಿಮಿಷಕ್ಕೆ ಇಪ್ಪತ್ತು. ಕಟ್ಟೆಯ ಮೇಲೆ ಪಾಚಿ ಇರುತ್ತದೆ ಎಂಬ ಅಂಶ ಯೋಜನೆಯಲ್ಲಿ ಸೇರಿರಲಿಲ್ಲ. ಮೊದಲ ಕಾಯಿಗೆ ಬಾಗಿದೆ. ಕಾಲು ಜಾರಿತು. ಧಡಂ!

ಪೇಟ ತೇಲಿತು. ಹಾರ ತೇಲಿತು. ಕಾಯಿಗಳಂತೂ ತೇಲುತ್ತಲೇ ಇದ್ದವು. ನಾಲ್ಕು ಕಾಯಿ ಕಂಕುಳಿಗೆ ಸಿಕ್ಕಿದ್ದರಿಂದ ಕೊನೆಗೆ ನಾನೂ ತೇಲಿದೆ. ಎಪ್ಪತ್ತೆರಡನೇ ಪುಟದ ಪ್ರಕಾರ ನಾನು ಸಂಪೂರ್ಣ ಸಿದ್ಧನಾಗಿದ್ದೆ!

ಆ ಶುಭ ಗಳಿಗೆಯಲ್ಲಿ ತೋಟದ ಗೇಟಿನೊಳಗೆ ಲೋಕೇಶನ ಕಾರು ಬಂತು. ಮುಂದೆ ಲೋಕೇಶ, ಹಿಂದೆ ಶೋಭಾ, ಅವಳ ಪಕ್ಕ ಬೇಲೂರಿನ ಬೀಗರು ಮಲ್ಲಪ್ಪನವರು ಮತ್ತು ಅವರ ಹೆಂಡತಿ. ನಾಲ್ವರೂ ಇಳಿದರು. ನಾಲ್ವರೂ ನಿಂತರು. ನನ್ನ ತಲೆ ಮತ್ತು ಕಾಯಿಗಳ ನಡುವೆ ವ್ಯತ್ಯಾಸ ಕಂಡುಹಿಡಿಯಲು ಅವರಿಗೆ ಸ್ವಲ್ಪ ಸಮಯ ಹಿಡಿದಿರಬೇಕು. ಮಲ್ಲಪ್ಪನವರು ಸಂಭಾವಿತರು. ಕೈ ಮುಗಿದು, "ನಮಸ್ಕಾರ ಬೀಗ್ರೇ. ಸ್ನಾನ ನಡೀತಾ ಇತ್ತಾ?" ಎಂದರು.

"ಹಾಂ, ಬನ್ನಿ ಬನ್ನಿ, ಊಟ ಆಯ್ತಾ?" ಎಂದೆ. ಕೈ ಮುಗಿಯಲು ಹೋಗಿ ಕಂಕುಳ ಕಾಯಿ ಜಾರಿ ಮತ್ತೊಮ್ಮೆ ಮುಳುಗಿ ಎದ್ದೆ.

ಲೋಕೇಶ ನನ್ನನ್ನು ಎಳೆದು ಹಾಕಿದ. ಆಮೇಲೆ ಅವನ ಕಣ್ಣು ಕಾಯಿಗಳ ಮೇಲೆ ಬಿತ್ತು. ಮುಖ ಕೆಂಪಾಯಿತು. "ಅಪ್ಪಾ! ಇವು ಸಿಂಧು ಮದ್ವೆ ಕಾಯಲ್ವಾ? ಅಟ್ಟದ್ದನ್ನೆಲ್ಲ ತಂದು ನೀರಿಗೆ ಹಾಕಿರೋ ಪುಣ್ಯಾತ್ಮ ಯಾರು?"

ಮಾವನವರು ಬಿದಿರಿನ ಗಳ ಕೆಳಗಿಟ್ಟು ಎದ್ದು ನಿಂತರು. ಅವರು ಬಾಯಿ ತೆರೆದರು.

"ನಾನು" ಎಂದೆ ನಾನು.

ಎಲ್ಲರೂ ತಿರುಗಿದರು. ನೀರು ಸುರಿಸುತ್ತಾ ಮುಂದುವರಿಸಿದೆ. "ನಿನ್ನೆ ಬಂದು ಮಾವನವರಿಗೆ ಹೇಳಿಹೋಗಿದ್ದೆ. ಅವರು ಬೇಡವೇ ಬೇಡ ಅಂದರು. ಕುಲುಕಿದರೆ ಗೊತ್ತಾಗುತ್ತೆ ಅಂದರು. ನಾನೇ ಕೇಳದೆ, ಇವತ್ತು ಹಟ ಹಿಡಿದು ಹಾಕಿಸಿದೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಮುಂದಿನ ಪ್ರಶ್ನೆಗಳಿಗೆ ಸಿದ್ಧನಾಗಿ ನಿಂತೆ. ನಿನ್ನೆ ಎಷ್ಟು ಹೊತ್ತಿಗೆ ಬಂದಿದ್ದೆ, ಇವತ್ತು ಬೆಳಿಗ್ಗೆ ಹಳೇಬೀಡಿನಲ್ಲಿದ್ದವನು ಇಲ್ಲಿ ಕಾಯಿ ಹಾಕಿಸಿದ್ದು ಹೇಗೆ, ಎಲ್ಲಕ್ಕೂ ಮನಸ್ಸಿನಲ್ಲಿ ಉತ್ತರ ಹೊಂದಿಸಿಕೊಂಡೆ. ಪ್ರಶ್ನೆ ಬರಲೇ ಇಲ್ಲ.

"ಅದೇ ಅಂದ್ಕೊಂಡೆ ಭಾವ" ಎಂದ ಲೋಕೇಶ, ಒಂದು ಉಸಿರು ಬಿಟ್ಟು.

"ನಾನೂ ಅಂದ್ಕೊಂಡೆ" ಎಂದಳು ಶೋಭಾ. ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇದ್ದವಳು, ಅಂದು ಬೆಳಿಗ್ಗೆ ಮಾವನವರು ತೊಟ್ಟಿ ತುಂಬಿಸುವುದನ್ನು ಕಣ್ಣಾರೆ ಕಂಡವಳು! ನಾನು ಬಂದಿರಲಿಲ್ಲ ಎಂದು ಜಗತ್ತಿನಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ಅವಳಿಗೆ.

ಬೀಗಿತ್ತಿಯವರು ಸೆರಗು ಬಾಯಿಗೆ ಅಡ್ಡ ಹಿಡಿದು, "ಓದಿರೋರು ಸ್ವಲ್ಪ ಹಂಗೇ ಇರ್ತಾರೆ ಬಿಡಿ" ಎಂದರು. ಅವರಿಗೂ ನನಗೂ ಅದು ಎರಡನೇ ಭೇಟಿ ಅಷ್ಟೇ.

ಮಾವನವರು ಮಾತ್ರ ಒಳಗೆ ಹೋಗಿ ನನಗೊಂದು ಒಣ ಪಂಚೆ ತಂದುಕೊಟ್ಟರು.

ಬೂಷ್ಟು ಹಿಡಿಯುವ ಮುಂಚೆ, ಮಾರನೆಯ ದಿನವೇ ಕಾಯಿಗಳನ್ನೆಲ್ಲ ಸುಲಿದು ಒಡೆಸಬೇಕಾಯಿತು. ಇಡೀ ಉಂಡೆ ಬಂದದ್ದು ಮಂಗಳಕಾರ್ಯಕ್ಕೆ ಮಾತ್ರ ಸಾಲುವಷ್ಟು. ಉಳಿದದ್ದು ಚೂರು. ಚೂರಲ್ಲಿ ಚೆನ್ನಾಗಿದ್ದದ್ದನ್ನು ತುರಿದು ಕೊಬ್ಬರಿ ಮಿಠಾಯಿ ಮಾಡಿಸಿ ತಾಂಬೂಲದ ಚೀಲಕ್ಕೆ ಹಾಕಿದೆವು. ಮದುವೆಮನೆಯಲ್ಲಿ ಮಿಠಾಯಿ ತಿಂದವರೆಲ್ಲ ನನ್ನ ಹತ್ತಿರ ಬಂದು, "ಇದೇ ಏನ್ರೀ ಆ ಕಾಯಿ?" ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ನನ್ನ ಒಂದು ಪುಟ ಅಷ್ಟು ಜನಕ್ಕೆ ತಲುಪಿದ್ದು ಅದೇ ಮೊದಲು.

ಲೋಕೇಶ ಅಟ್ಟದ ಬಗ್ಗೆ ಕಟ್ಟುನಿಟ್ಟಿನ ಆದೇಶ ಹೊರಡಿಸಿದ್ದಾನೆ. ಅಟ್ಟ ಇನ್ನು ಮುಂದೆ ಪೂರ್ತಿ ಅಪ್ಪನ ಉಸ್ತುವಾರಿ. ಭಾವ ಏಣಿಯ ಹತ್ತಿರವೂ ಸುಳಿಯಕೂಡದು! ಮಾವನವರು ಈಗ ಕಾಯಿಯನ್ನು ಕಿವಿಗೆ ಹಿಡಿಯುವುದಿಲ್ಲ. ಎರಡು ಅಂಗೈ ನಡುವೆ ಹಿಡಿದು ಅಲುಗಿಸುತ್ತಾರೆ. ಒಳಗೆ ಉಂಡೆ ಬಡಿದರೆ ಅಂಗೈಗೆ ತಿಳಿಯುತ್ತದಂತೆ. ತಪ್ಪಿದ್ದೇ ಇಲ್ಲ. ಇದನ್ನೆಲ್ಲ ಬರೆಯಲೇ ಎಂದು ಹೆದರುತ್ತಾ ಅವರನ್ನು ಕೇಳಿದೆ. ಕೈಯಲ್ಲಿದ್ದ ಕಾಯಿ ಅಲುಗಿಸುತ್ತಾ, "ಬರೀರಿ ಅಳಿಯಂದ್ರೇ, ಏನೂ ತೊಂದ್ರೆ ಇಲ್ಲ. ನೀವು ಬರ್ದಿದ್ದನ್ನ ಇನ್ನು ಯಾರು ನಂಬ್ತಾರೆ?" ಎಂದರು.

ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಹದಿನೇಳು ಪುಸ್ತಕ ಬರೆದೆ, ಜನ ಕೇಳಲಿಲ್ಲ. ದಡ್ಡತನ ನನ್ನದು ಎಂದು ಒಂದೇ ಮಾತು ಹೇಳಿದೆ, ಪುರಾವೆಯನ್ನು ಯಾರೂ ಕೇಳಲಿಲ್ಲ! ಒಬ್ಬರಾದರೂ ನನ್ನನ್ನು ಅನುಮಾನಿಸಬೇಕು ಎನ್ನುವ ಆಸೆಯಿಂದ, ಮದುವೆಯ ಗಲಾಟೆ ಮುಗಿದ ಮೇಲೆ ಗಿರಿಜಾಳ ಮುಂದೆ ಬಾಯಿ ಬಿಟ್ಟೆ. "ನೋಡೇ, ನಿನಗಾದರೂ ಗೊತ್ತಿರಲಿ. ಆ ಕಾಯಿ ತೊಟ್ಟಿಗೆ ಹಾಕಿಸಿದ್ದು ನಾನಲ್ಲ. ನಾನು ಹಳೇಬೀಡಿನಲ್ಲಿದ್ದೆ. ನಿಮ್ಮಪ್ಪ ತೊಟ್ಟಿ ತುಂಬಿಸುತ್ತಿದ್ದಾರೆ ಎಂದು ಫೋನು ಮಾಡಿ ಹೇಳಿದವಳೇ ನೀನು."

ಗಿರಿಜಾ ಮಡಚುತ್ತಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ಯೋಚಿಸಿದಳು.

"ಹೌದಲ್ವಾ! ನಾನೇ ಫೋನ್ ಮಾಡಿದ್ದೆ" ಎಂದಳು. "ಆದ್ರೂ ಲೋಕೇಶ ಹೇಳಿದಾಗ, ಇವರೇ ಹಾಕಿಸಿರ್ತಾರೆ ಅಂತ ನಾನೂ ನಂಬಿಬಿಟ್ಟೆ ಕಣ್ರೀ."

ಈಗೀಗ ನನಗೂ ಹಾಗೇ ಅನ್ನಿಸುತ್ತಿದೆ.